ಕಡಲತಡಿಗೆ ಹೋಗುವ ಹವಣಿಕೆ

ಮುಂಬಯಿಯಲ್ಲಿ ಸಂಸಾರ ಹೂಡಿರುವ ನಮ್ಮಂಥವರ ನಿಘಂಟಿನಲ್ಲಿ ರಜೆ ಎಂಬ ಶಬ್ದಕ್ಕೆ ಬಹುಕಾಲದಿಂದ ಒಂದೇ ಅರ್ಥ: ಊರಿಗೆ ಹೋಗುವುದು. ಊರಿಗೆ ಹೋಗುವುದಕ್ಕೆ ಕಾರಣಗಳೂ ಗೊತ್ತಾದವೇ. ಮದುವೆ, ಗೃಹಪ್ರವೇಶ, ದೇವಸ್ಥಾನದ ತೇರು, ಹಿರಿಯರ ವರ್ಷಾಂತಿಕ; ಇವು ಯಾವುವೂ ಇಲ್ಲದಿದ್ದರೆ ಜಮೀನಿನ ಕಾಗದಪತ್ರ. ಇಂಥದೊಂದು ನೆಪವಿಲ್ಲದೆ, ಸುಮ್ಮನೆ ಸಮುದ್ರದ ದಂಡೆಯಲ್ಲಿ ನಾಲ್ಕು ದಿನ ಕುಳಿತು ಬರುವುದಕ್ಕೆಂದು ಪ್ರಯಾಣ ಹೊರಟವರು ನಮ್ಮ ಹಿಂದಿನ ತಲೆಮಾರಿನಲ್ಲಿ ಯಾರೂ ಇದ್ದಂತಿಲ್ಲ. ಹಾಗೆ ಹೊರಡುವ ಆಲೋಚನೆ ಈ ವರ್ಷ ನಮ್ಮ ಮನೆಯಲ್ಲಿ ಹುಟ್ಟಿ, ಬೆಳೆದು, ಅನೇಕ ರೂಪಗಳನ್ನು ತಾಳಿ, ಈಗ ಒಂದು ನೆಲೆಗೆ ನಿಂತಿದೆ. ಇದೇ ಬಗೆಯ ಆಲೋಚನೆಯಲ್ಲಿರುವ ಸಂಸಾರಗಳು ನಮ್ಮ ಸಂಘದಲ್ಲಿ ಇನ್ನೂ ಕೆಲವಿರಬಹುದು. ಅವರಿಗೆ ಉಪಯೋಗವಾದೀತೆಂದು ನಮ್ಮ ಹವಣಿಕೆಯ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಮೊದಲು, ವಡಾಲದಲ್ಲಿರುವವರಿಗೆ ಸಮುದ್ರದ ಹಂಬಲವೇಕೆ ಎಂದು ಯಾರಾದರೂ ಕೇಳಬಹುದು. ಮುಂಬಯಿಯೇ ಒಂದು ದ್ವೀಪವಲ್ಲವೆ? ಹೌದು. ಆದರೆ ನಮ್ಮ ವಡಾಲ ಬಿದ್ದಿರುವುದು ಊರಿನ ಪೂರ್ವ ಮಗ್ಗುಲಲ್ಲಿ. ಈ ಕಡೆಯ ನೀರು ಬಂದರದ ನೀರು, ಖಾರಿಯ ನೀರು. ಉಪ್ಪಿನ ಗದ್ದೆಗಳ ಬಯಲು, ಅದರಾಚೆ ಕಾಂಡ್ಲ ಗಿಡಗಳ ಹಸುರು, ಅದರಾಚೆ ಕೆಸರು. ಚಳಿಗಾಲದಲ್ಲಿ ಶಿವಡಿಯ ಕಡೆಗೆ ಹೋದರೆ ಆ ಕೆಸರಿನಲ್ಲಿ ಸಾವಿರಾರು ರಾಜಹಂಸಗಳು ಕೆಂಪಗೆ ನಿಂತಿರುವುದನ್ನು ಕಾಣಬಹುದು. ನೋಡುವುದಕ್ಕೆ ಬಹು ಚೆನ್ನು, ಕಾಲಿಡುವಂತಿಲ್ಲ. 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತುವೆ ಅದೇ ಶಿವಡಿಯಿಂದ ಹೊರಟು, ಹದಿನಾರು ಕಿಲೋಮೀಟರಿಗೂ ಮಿಕ್ಕಿ ನೀರಿನ ಮೇಲೆಯೇ ಸಾಗುತ್ತದೆ. ಅದರ ಮೇಲೆ ಮೋಟಾರಿನಲ್ಲಿ ಹೋಗುವಾಗ ಸುತ್ತಲೂ ಸಮುದ್ರ, ಆದರೆ ನಿಲ್ಲುವಂತಿಲ್ಲ. ಇನ್ನು ದಾದರ್ ಚೌಪಾಟಿಗೆ ಗಣಪತಿಯನ್ನು ಬಿಡಲು ಹೋದಾಗ ಮೊಣಕಾಲಿನವರೆಗೆ ನೀರಿಗಿಳಿಯುವುದೇ ನಮ್ಮ ವರ್ಷದ ಸಮುದ್ರಸ್ನಾನ. ಹೀಗೆ ನೀರಿನ ನಡುವೆಯೇ ಇದ್ದು ಕಡಲಿಲ್ಲದವರ ಪೈಕಿ ನಾವು.

ಮಾತನ್ನು ತೆಗೆದವಳು ಮಗಳು. ಅವಳು ಬಾಂದ್ರಾ ಕುರ್ಲಾ ಸಂಕೀರ್ಣದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಜತೆಯ ಕೆಲವರು ಟರ್ಕಿಯ ಸಮುದ್ರತೀರಕ್ಕೆ ಹೋಗಿ ಬಂದಿದ್ದರಂತೆ. ಅವರು ತೆಗೆದ ಚಿತ್ರಗಳನ್ನು ಫೋನಿನಲ್ಲಿ ನಮಗೂ ತೋರಿಸಿದಳು. ನೀಲಿಯೆಂದರೆ ಅಂಥ ನೀಲಿ! "ನನ್ನ ಮೊದಲ ಬೋನಸ್ಸಿನಲ್ಲಿ ನಿಮ್ಮೆಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ, ಅಪ್ಪಯ್ಯ" ಎಂದಳು. ಮಕ್ಕಳು ದುಡಿದು ತಂದೆತಾಯಿಯರನ್ನು ಕರೆದೊಯ್ಯುತ್ತೇವೆ ಎನ್ನುವಾಗ ಸ್ಥಳ ಯಾವುದೆಂದು ಕೇಳುವುದಕ್ಕೂ ಮೊದಲೇ ಮನಸ್ಸು ಒಪ್ಪಿಬಿಡುತ್ತದೆ. ನಾವೂ ಒಪ್ಪಿದೆವು. ಹತ್ತನೆಯ ತರಗತಿಯಲ್ಲಿರುವ ಮಗ ಆ ರಾತ್ರಿಯೇ ಭೂಪಟ ಹರಡಿಕೊಂಡು ಕುಳಿತ.

ಹೀಗೆ ಸುಮಾರು ಒಂದು ತಿಂಗಳ ಕಾಲ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತೆಲ್ಲ ಟರ್ಕಿಯದೇ. ಹೋಗದಿದ್ದರೂ ಒಂದು ನಾಡಿನ ವಿಷಯ ತಿಳಿಯುವುದು ಲಾಭವೇ ಅಲ್ಲವೆ? ಆ ದೇಶಕ್ಕೆ ಮೂರು ಕಡೆ ಸಮುದ್ರ: ಉತ್ತರಕ್ಕೆ ಕಪ್ಪು ಸಮುದ್ರ, ಪಶ್ಚಿಮಕ್ಕೆ ಈಜಿಯನ್, ದಕ್ಷಿಣಕ್ಕೆ ಮೆಡಿಟರೇನಿಯನ್. ವಿಹಾರಕ್ಕೆ ಹೋಗುವವರು ಹೆಚ್ಚಾಗಿ ದಕ್ಷಿಣದ ಅಂತಾಲ್ಯ, ಫೆತಿಯೆ, ಪಶ್ಚಿಮದ ಬೋದ್ರುಮ್ ಮುಂತಾದ ಊರುಗಳಿಗೆ ಹೋಗುತ್ತಾರೆ. ಈ ಬೋದ್ರುಮ್ ಎಂಬುದೇ ಪ್ರಾಚೀನ ಹಾಲಿಕಾರ್ನಾಸಸ್. ಇತಿಹಾಸದ ಜನಕನೆನಿಸಿದ ಹೆರೊಡೋಟಸ್ ಹುಟ್ಟಿದ ಊರು. ಅಲ್ಲಿಯ ಕೋಟೆಯೊಳಗೆ ಸಮುದ್ರದ ತಳದಿಂದ ಎತ್ತಿದ ವಸ್ತುಗಳದೇ ಒಂದು ಸಂಗ್ರಹಾಲಯವಿದೆ. 1982ರಲ್ಲಿ ಸ್ಪಂಜು ಹೆಕ್ಕಲು ಮುಳುಗಿದವನೊಬ್ಬನಿಗೆ ಆ ಕರಾವಳಿಯಲ್ಲಿ ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಒಂದು ಹಡಗಿನ ಅವಶೇಷ ಸಿಕ್ಕಿತು. ಅದರಲ್ಲಿ ಸುಮಾರು ಹತ್ತು ಟನ್ ತಾಮ್ರದ ಗಟ್ಟಿಗಳಿದ್ದವು. ದಾಲ್ಯಾನ್ ಎಂಬಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಮರಳದಂಡೆಯಿದೆ. ಅಲ್ಲಿ ದೊಡ್ಡ ಹೋಟೆಲು ಕಟ್ಟಲು ಹೊರಟಾಗ ಜನ ಎದ್ದುನಿಂತು ತಡೆದರು. 1988ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು. ಸ್ವಚ್ಛತೆಗೂ ಸುರಕ್ಷತೆಗೂ ಕೊಡುವ ನೀಲಿ ಬಾವುಟದ ಮನ್ನಣೆ ಪಡೆದ ಕಡಲತಡಿಗಳು ಆ ಒಂದು ದೇಶದಲ್ಲೇ ಐನೂರಕ್ಕೂ ಮಿಕ್ಕಿವೆ.

ಸಮುದ್ರ ಸಮುದ್ರಕ್ಕೂ ಸ್ವಭಾವಭೇದವಿದೆ ಎಂಬುದು ನಮಗೆ ತಿಳಿದದ್ದು ಈ ಅಭ್ಯಾಸದಿಂದಲೇ. ಮೆಡಿಟರೇನಿಯನ್ ಬಹುಪಾಲು ನೆಲದಿಂದ ಸುತ್ತುವರಿದ ಸಮುದ್ರ. ಭರತ ಇಳಿತಗಳು ಅಲ್ಲಿ ಅತ್ಯಲ್ಪ. ನಮ್ಮ ಮುಂಬಯಿಯಲ್ಲೋ ದೊಡ್ಡ ಭರತದ ದಿನ ನೀರು ನಾಲ್ಕೂವರೆ ಮೀಟರನ್ನೂ ಮೀರುತ್ತದೆ. ಅಂದು ಜೋರಾಗಿ ಮಳೆಯೂ ಬಂದರೆ ಹಿಂದಮಾತಾದಲ್ಲಿ ಸೊಂಟದುದ್ದ ನೀರು ನಿಲ್ಲುವುದನ್ನು ವಾಚಕರೆಲ್ಲ ಕಂಡಿದ್ದಾರೆ. ಋತುಗಳೂ ತಿರುಗುಮುರುಗು. ಅಲ್ಲಿ ಬೇಸಗೆಯಲ್ಲಿ ಒಣಹವೆ, ಚಳಿಗಾಲದಲ್ಲಿ ಮಳೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಚಳಿಗಾಲದಲ್ಲಿ ತಿಳಿ ಆಕಾಶ. ಅಂದಮೇಲೆ ಯಾವ ತಿಂಗಳಿನಲ್ಲಿ ಅಲ್ಲಿಯ ಸಮುದ್ರ ಕೈಬೀಸಿ ಕರೆಯುತ್ತದೋ ಆ ತಿಂಗಳಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ. ಮೇ ತಿಂಗಳ ರಜೆಯಲ್ಲಿ ಹೋಗೋಣವೆಂದರೆ ಗಾಳಿ ಹಿತವಾಗಿದ್ದರೂ ನೀರು ಇನ್ನೂ ತಣ್ಣಗಿರುತ್ತದೆಯಂತೆ. ದೀಪಾವಳಿಯ ರಜೆಯಾದರೆ ಸರಿಹೊಂದೀತು ಎಂದು ಮಗ ಪಂಚಾಂಗವನ್ನೂ ಶಾಲೆಯ ಪತ್ರಿಕೆಯನ್ನೂ ಎದುರಿಟ್ಟುಕೊಂಡು ತೀರ್ಪು ಕೊಟ್ಟ.

ಅಷ್ಟರಲ್ಲಿ ಲೆಕ್ಕದ ಮಾತು ಬಂತು. ಐದು ಜನರ ವಿಮಾನದ ಖರ್ಚು, ವೀಸಾ, ಹೋಟೆಲು, ಊಟ ಇವನ್ನೆಲ್ಲ ಕೂಡಿಸಿದಾಗ ಬಂದ ಮೊತ್ತವನ್ನು ಕಂಡು ಮಗಳು ಎರಡು ದಿನ ಮಾತಾಡಲಿಲ್ಲ. 2025ರ ಮೇ ತಿಂಗಳಿನಲ್ಲಿ ಭಾರತ ಪಾಕಿಸ್ತಾನಗಳ ಸಂಘರ್ಷದ ವೇಳೆ ಟರ್ಕಿ ಪಾಕಿಸ್ತಾನದ ಪರವಾಗಿ ನಿಂತಿತೆಂದು ನಮ್ಮವರು ಅನೇಕರು ಅಲ್ಲಿಗೆ ಹೋಗುವ ಪ್ರವಾಸಗಳನ್ನು ರದ್ದುಮಾಡಿದ್ದೂ ಮಾತಿನಲ್ಲಿ ಬಂತು. ಆದರೆ ನಮ್ಮ ಟರ್ಕಿ ಯಾತ್ರೆ ನಿಂತದ್ದು ರಾಜಕಾರಣದಿಂದಲೂ ಅಲ್ಲ, ಪೂರ್ತಿಯಾಗಿ ಹಣದಿಂದಲೂ ಅಲ್ಲ. ಅದು ನಿಂತದ್ದು ಅಮ್ಮನಿಂದ.

ಅಮ್ಮನಿಗೆ ಎಂಬತ್ತೊಂದು ವರ್ಷ. ಅವರ ಬಳಿ ಪಾಸ್‌ಪೋರ್ಟ್ ಇಲ್ಲ. ಹುಟ್ಟಿದ ತಾರೀಖು ಬರೆದಿಟ್ಟವರಿಲ್ಲ; ಗದ್ದೆ ನೆಟ್ಟಿಯಾಗುವ ಕಾಲದಲ್ಲಿ ಹುಟ್ಟಿದ್ದು ಎಂಬಷ್ಟು ಮಾತ್ರ ಗೊತ್ತು. ಹೇಗಾದರೂ ಪಾಸ್‌ಪೋರ್ಟ್ ಮಾಡಿಸಬಹುದು ಎಂದು ಮಗಳು ಅರ್ಜಿಯ ನಮೂನೆಯನ್ನು ತೆರೆದು ಕುಳಿತಾಗ ಅಮ್ಮ ತಮ್ಮ ಕುಂದಾಪುರದ ಮಾತಿನಲ್ಲಿ ಕೇಳಿದರು: "ಕಡ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಗಾ? ನಮ್ಮೂರಂಗ್ ಕಡ್ಲ್ ಇಲ್ಯಾ?"

ಆ ಪ್ರಶ್ನೆಗೆ ಮಗಳಲ್ಲಿ ಉತ್ತರವಿರಲಿಲ್ಲ. ಅವಳಿಗೆ ಊರೆಂದರೆ ತೋಟದ ಮನೆ, ಬಾವಿಕಟ್ಟೆ, ಮದುವೆಯ ಚಪ್ಪರ. ಊರಿನ ಮನೆಯಿಂದ ಐದೇ ಮೈಲಿಗೆ ಅರಬ್ಬಿ ಸಮುದ್ರವಿದೆ ಎಂಬುದು ಅವಳಿಗೆ ಭೂಪಟದಿಂದ ಗೊತ್ತು, ಕಾಲಿನಿಂದ ಗೊತ್ತಿಲ್ಲ. ನಮ್ಮ ತಲೆಮಾರು ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಲ್ಲಿ ಕನ್ನಡ ಕಲಿತಿತು. ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಆದರೆ ಅಂಗಡಿಯ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಊರಿನ ಸಂಬಂಧವೂ ಹಾಗೆಯೇ ಕೂಡಿಸಿ ಓದುವ ಸ್ಥಿತಿಗೆ ಬಂದಿದೆ. ಇನ್ನು ಹತ್ತು ವರ್ಷ ಕಳೆದರೆ ಮದುವೆಯ ಕರೆಯೋಲೆಗಳೂ ಬರಲಾರವು. ಆಗ ಊರಿಗೆ ಹೋಗುವುದಕ್ಕೆ ನೆಪವೇನು?

ಹೀಗೆ ನಮ್ಮ ಕಡಲತಡಿ ಅಂತಾಲ್ಯದಿಂದ ಹೊರಟು ಕನ್ನಡ ಕರಾವಳಿಗೆ ಬಂತು. ಇಲ್ಲಿಯೂ ಆಯ್ಕೆಗೆ ಕೊರತೆಯಿಲ್ಲ. ಉತ್ತರದಲ್ಲಿ ಕಾರವಾರ. ರವೀಂದ್ರನಾಥ ಠಾಕೂರರು ತರುಣರಾಗಿದ್ದಾಗ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಿದ್ದರು. ಆ ಕಡಲತಡಿಗೆ ಈಗ ಅವರದೇ ಹೆಸರು. ಮುಂದೆ ಗೋಕರ್ಣ, ಓಂಕಾರದ ಆಕಾರದ ದಂಡೆ. ಹೊನ್ನಾವರದ ಬಳಿ ಕಾಸರಕೋಡು, ಉಡುಪಿಯ ದಕ್ಷಿಣಕ್ಕೆ ಪಡುಬಿದ್ರಿ. ಇವೆರಡಕ್ಕೂ 2020ರಲ್ಲಿ ಅದೇ ನೀಲಿ ಬಾವುಟದ ಮನ್ನಣೆ ಬಂದಿತ್ತು. ಮುರ್ಡೇಶ್ವರದಲ್ಲಿ ದೇವಸ್ಥಾನವೂ ಸಮುದ್ರವೂ ಒಂದೇ ಕಡೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿ ದ್ವೀಪಗಳು. ಅಲ್ಲಿ ಬಡಗಿ ಕೆತ್ತಿ ನಿಲ್ಲಿಸಿದಂತೆ ಮೂಲೆಮೂಲೆಯಾಗಿ ನಿಂತ ಕಲ್ಲಿನ ಕಂಬಗಳು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ, ಎಂಟು ಕೋಟಿ ವರ್ಷಗಳಿಗೂ ಹಿಂದೆ, ಉಕ್ಕಿದ ಶಿಲಾರಸ ಆರಿ ಆದ ಕಂಬಗಳು ಅವು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹೆರೊಡೋಟಸನ ಊರಿಗಿಂತ ಇದು ಹಳೆಯದಾಯಿತಲ್ಲ ಎಂದು ಮಗ ಅಕ್ಕನನ್ನು ಕೆಣಕಿದ.

ಆದರೆ ಅಮ್ಮನ ಮನಸ್ಸಿನಲ್ಲಿದ್ದುದು ಕುಂದಾಪುರದ ಕೋಡಿ. ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುವಲ್ಲಿ ದಕ್ಷಿಣಕ್ಕೆ ಚಾಚಿಕೊಂಡಿರುವ ಮರಳಿನ ನಾಲಗೆ ಕೋಡಿ. ಅಲ್ಲಿ ದೀಪಸ್ತಂಭವಿದೆ. ಕೆಲವು ವರ್ಷಗಳಿಂದ ಅಲ್ಲಿಯೂ ಕಡಲಾಮೆಗಳ ಮೊಟ್ಟೆಗಳನ್ನು ಕಾದು ಮರಿಗಳನ್ನು ನೀರಿಗೆ ಬಿಡುವ ಕೆಲಸ ನಡೆದಿದೆ. ಸ್ವಲ್ಪ ಬಡಗಿಗೆ ತ್ರಾಸಿ, ಮರವಂತೆ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ. ಅಮ್ಮ ಮದುವೆಯಾಗಿ ಮುಂಬಯಿಗೆ ಬರುವ ಮೊದಲು, ಒಮ್ಮೆ ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಎತ್ತಿನ ಗಾಡಿಯಲ್ಲಿ ಕೋಡಿಗೆ ಹೋಗಿದ್ದರಂತೆ. ಅದೊಂದೇ ಸಲ. ಮತ್ತೆ ಅರವತ್ತು ವರ್ಷಗಳಲ್ಲಿ ಎಷ್ಟು ಸಲ ಊರಿಗೆ ಹೋದರೂ ಕಡಲಿನವರೆಗೆ ಹೋಗಲು ಪುರಸೊತ್ತಾಗಲಿಲ್ಲ.

ಸ್ಥಳ ಗೊತ್ತಾಯಿತು. ಆಗ ಎದ್ದದ್ದು ನಿಜವಾದ ಕಷ್ಟ. ವೀಸಾದ ಕಷ್ಟ ಇದರ ಮುಂದೆ ಏನೂ ಅಲ್ಲ. ಕುಂದಾಪುರಕ್ಕೆ ಹೋದರೆ ಉಳಿಯುವುದೆಲ್ಲಿ?

ಪರಸ್ಥಳದವರಿಗೆ ಇದು ಪ್ರಶ್ನೆಯೇ ಅಲ್ಲ. ಕಡಲತಡಿಯಲ್ಲಿ ವಸತಿಗೃಹಗಳಿವೆ, ಹಣ ಕೊಟ್ಟರಾಯಿತು. ನಮಗೆ ಹಾಗಲ್ಲ. ಐದು ಮೈಲಿ ಒಳಗೆ ನಮ್ಮ ಹಿರಿಯರ ಮನೆಯಿದೆ. ಅಲ್ಲಿ ಅಣ್ಣಯ್ಯ ಅತ್ತಿಗೆ ಇದ್ದಾರೆ. ಹತ್ತು ವರ್ಷಗಳ ಹಿಂದೆ ಪಾಲುಪಟ್ಟಿಯಾದಾಗ ಮನೆ ಅಣ್ಣಯ್ಯನಿಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಗುಡ್ಡದ ಕೆಳಗಿನ ಒಂದು ತುಂಡು ಗದ್ದೆ. ಜಗಳವೇನೂ ಆಗಲಿಲ್ಲ. ಆದರೆ ಪಾಲಾದ ಮೇಲೆ ಮಾತಿನಲ್ಲಿ ಒಂದು ಅಳತೆ ಬಂತು. ಮುಂಚೆ ಎಂಟು ದಿನ ಇರುತ್ತಿದ್ದವರು ಒಂದು ರಾತ್ರಿ ಇದ್ದು ಬರುವಂತಾಯಿತು. ಹೀಗಿರುವಾಗ ಅವರಿಗೆ ತಿಳಿಸದೆ ಕೋಡಿಯಲ್ಲಿ ಕೋಣೆ ಹಿಡಿದರೆ, ಪೇಟೆಯಲ್ಲಿ ಯಾರಾದರೂ ಕಂಡು ಹೇಳಿಯೇ ಹೇಳುತ್ತಾರೆ. ತಿಳಿಸಿ ಹಿಡಿದರೆ, ಇನ್ನೊಂದು ಬಗೆ: "ಪಾಲಾದ ಮೇಲೆ ನಮ್ಮ ಮನೆ ಅವರಿಗೆ ಮನೆಯಲ್ಲ" ಎಂದಂತಾಗುತ್ತದೆ. ಊರಿಗೆ ಹೋಗಿ ಲಾಡ್ಜಿನಲ್ಲಿ ಇಳಿದರು ಎಂಬ ಮಾತು ನಮ್ಮ ಕಡೆ ಸಣ್ಣ ಮಾತಲ್ಲ. ಹೋಟೆಲುಗಳನ್ನು ನಡೆಸಿಯೇ ಹೆಸರಾದ ಜನ ನಾವು. ನಮ್ಮ ಸ್ವಂತ ಊರಿನಲ್ಲಿ ನಾವೇ ಹೋಟೆಲಿನ ಗಿರಾಕಿಗಳಾಗುವುದೆಂದರೆ ಹೇಗೆ?

ಹಾಗಾದರೆ ಅಣ್ಣಯ್ಯನ ಮನೆಯಲ್ಲೇ ಇದ್ದು ದಿನವೂ ಕಡಲಿಗೆ ಹೋಗಿ ಬರೋಣವೆಂದರೆ, ಅದನ್ನು ಬೇಡವೆಂದವರು ಅಮ್ಮನೇ. ಅವರು ಹೇಳಿದ ಕಾರಣವನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಅತ್ತಿಗೆಗೀಗ ಅರವತ್ತೈದು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಪ್ರತಿ ಮೇ ತಿಂಗಳು ಮುಂಬಯಿಯ ಬಳಗ ಬಂದು ಇಳಿಯುವುದು, ಅವರು ಕೋಳಿ ಕೂಗುವ ಮೊದಲು ಎದ್ದು ಒಲೆ ಹಚ್ಚುವುದು. ಹನ್ನೆರಡು ಜನಕ್ಕೆ ದೋಸೆ, ಹನ್ನೆರಡು ಜನಕ್ಕೆ ಕುಚ್ಚಲಕ್ಕಿಯ ಅನ್ನ, ಮೀನಿನ ಸಾರು, ಸಂಜೆಗೆ ಮತ್ತೇನಾದರೂ ಕರಿದದ್ದು. ಅಮ್ಮ ಲೆಕ್ಕ ಹಾಕುವವರಂತೆ ಬೆರಳು ಮಡಚಿ ಹೇಳಿದರು: "ನಿಮ್ಗೆ ಅದ್ ರಜೆ. ಅವ್ಳಿಗೆ ಅದೇ ದೊಡ್ಡ ಕೆಲ್ಸ." ಊರಿನಿಂದ ಹಿಂದಿರುಗುವಾಗ ನಮ್ಮ ಚೀಲಗಳಲ್ಲಿ ಬರುತ್ತಿದ್ದ ಹಪ್ಪಳ, ಸಂಡಿಗೆ, ಮಾವಿನ ಮಿಡಿಯ ಉಪ್ಪಿನಕಾಯಿ ಎಲ್ಲವೂ ಆ ಕೈಯಿಂದ ಬಂದವೇ. ಸಮುದ್ರದಿಂದ ಐದು ಮೈಲಿಯಲ್ಲಿ ನಲವತ್ತು ವರ್ಷ ಇದ್ದ ಅತ್ತಿಗೆ ಒಂದು ದಿನವಾದರೂ ಅದರ ದಂಡೆಯಲ್ಲಿ ಕೆಲಸವಿಲ್ಲದೆ ಕುಳಿತದ್ದುಂಟೆ ಎಂದು ಅಮ್ಮ ಕೇಳಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮಗಳು ಆಗಲೇ ಎದ್ದು ಲೆಕ್ಕದ ಹಾಳೆಯನ್ನು ತಂದಳು. ಟರ್ಕಿಗೆಂದು ಒಬ್ಬರಿಗೆ ಹಿಡಿದಿದ್ದ ಹಣದಲ್ಲಿ ಏಳು ಜನ ನಾಲ್ಕು ದಿನ ಕೋಡಿಯ ಬಳಿ ಸುಖವಾಗಿ ಇರಬಹುದು. ಏಳು ಜನ: ನಾವು ಐವರು, ಅಣ್ಣಯ್ಯ, ಅತ್ತಿಗೆ. ಕೋಣೆಗಳು ಮೂರು. ಅವರು ನಮ್ಮ ಅತಿಥಿಗಳು.

ಫೋನು ಮಾಡುವ ಕೆಲಸವನ್ನು ಅಮ್ಮ ಬೇರೆಯವರಿಗೆ ಬಿಡಲಿಲ್ಲ. ಮೊದಲು ಅಣ್ಣಯ್ಯ ಮಾತಾಡಿದರು. ನಾವು ಹೆದರಿದ್ದ ಮಾತೇ ಬಂತು: "ಮನಿ ಇದ್ದ್‌ಕಂಡ್ ಲಾಡ್ಜ್ ಎಂತಕ್ಕೆ?" ಅಮ್ಮ ಸಮಜಾಯಿಷಿ ಕೊಡಲಿಲ್ಲ. ಮೊದಲ ದಿನ ಮಧ್ಯಾಹ್ನ ಎಲ್ಲರೂ ಮನೆಗೇ ಬರುತ್ತೇವೆ, ದೇವರಿಗೆ ದೀಪ ಹಚ್ಚಿ, ಊಟ ಮಾಡಿ, ನಿಮ್ಮಿಬ್ಬರನ್ನೂ ಕರೆದುಕೊಂಡೇ ಸಂಜೆ ಕೋಡಿಗೆ ಹೋಗುವುದು, ಇದು ನಾನು ಹೇಳುತ್ತಿರುವುದು ಎಂದರು. ಆಚೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಸುವಿನ ಮಾತು ಬಂತು, ತೋಟಕ್ಕೆ ನೀರು ಬಿಡುವ ಮಾತು ಬಂತು. ಪಕ್ಕದ ಮನೆಯ ಹುಡುಗನಿಗೆ ಹೇಳಿದರಾಯಿತು ಎಂದು ಅಮ್ಮ ಅದನ್ನೂ ತೀರಿಸಿದರು. ಕೊನೆಗೆ ಅತ್ತಿಗೆ ಫೋನು ತೆಗೆದುಕೊಂಡು ಕೇಳಿದ್ದು ಒಂದೇ: ಅಲ್ಲಿ ಅಡಿಗೆ ಯಾರು ಮಾಡುವುದು? ಅಲ್ಲಿಯವರೇ ಮಾಡುತ್ತಾರೆ, ಕೋಣೆಯಲ್ಲಿ ಒಲೆಯೇ ಇಲ್ಲ ಎಂದು ಅಮ್ಮ ಹೇಳಿದರು. "ಹಂಗಾರೆ ಬತ್ತೆ" ಎಂದರು ಅತ್ತಿಗೆ.

ಇಷ್ಟಾದ ಮೇಲೆ ಉಳಿದವೆಲ್ಲ ಸಾಮಾನ್ಯ ಏರ್ಪಾಡುಗಳು. ಆದರೂ ಅವುಗಳಲ್ಲಿ ಕೆಲವನ್ನು ಬರೆಯುವುದು ಅಗತ್ಯವೆಂದು ತೋರುತ್ತದೆ.

ಕಾಲದ ವಿಷಯ. ಮಳೆಗಾಲದಲ್ಲಿ ಆ ಸಮುದ್ರವನ್ನು ದೂರದಿಂದ ನೋಡಬೇಕೇ ಹೊರತು ಹತ್ತಿರ ಹೋಗಬಾರದು. ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯೂ ನಿಷೇಧ. ದ್ವೀಪಗಳಿಗೆ ದೋಣಿಗಳೂ ಇಲ್ಲ. ಮೇ ತಿಂಗಳಿನಲ್ಲಿ ಸೆಕೆ ಬಹಳ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ. ಮಗನ ಶಾಲೆಗೆ ಕ್ರಿಸ್‌ಮಸ್ ರಜೆಯಿರುವುದರಿಂದ ನಾವು ಡಿಸೆಂಬರ್ 24ರ ಪ್ರಯಾಣವನ್ನು ನಿಶ್ಚಯಿಸಿದೆವು. ಆ ವಾರ ಎಲ್ಲ ಕಡೆಯೂ ಜನ, ಬಾಡಿಗೆಯೂ ಹೆಚ್ಚು. ಮಕ್ಕಳ ಶಾಲೆಯ ಬಂಧನವಿಲ್ಲದವರು ಜನವರಿಯ ನಡುವಿನಲ್ಲಿ ಹೋಗುವುದು ಲೇಸು.

ಪ್ರಯಾಣದ ವಿಷಯ. ಅಮ್ಮ ಮುಂಬಯಿಗೆ ಬಂದ ಕಾಲದಲ್ಲಿ ಊರಿನಿಂದ ಇಲ್ಲಿಗೆ ಬರುವುದೆಂದರೆ ಘಾಟಿ ಹತ್ತಿ ಇಳಿದು, ಬಸ್ಸು ಬದಲಿಸಿ, ದಿನಗಟ್ಟಲೆ ನಡೆಯುವ ವ್ಯವಹಾರ. ಅದಕ್ಕೂ ಹಿಂದಿನವರು ಕರಾವಳಿಯ ಹಡಗುಗಳಲ್ಲಿ ಬಂದರು ಬಂದರಿಗೆ ನಿಂತು ಬರುತ್ತಿದ್ದರು. ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ಎಷ್ಟೋ ಹುಡುಗರು ಮೊದಲು ಮುಂಬಯಿಯನ್ನು ಕಂಡದ್ದು ಹಡಗಿನ ಅಂಚಿನಿಂದಲೇ. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ನಮ್ಮ ಬಾಳೇ ಬೇರೆಯಾಯಿತು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್, ಈ. ಶ್ರೀಧರನ್ ಅವರ ಮುಂದಾಳುತನದಲ್ಲಿ ಸಹ್ಯಾದ್ರಿಯ ಕಾಲುಗಳನ್ನು ಕೊರೆದು ಮಾಡಿದ ದಾರಿ. ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದವಿದೆ.

ಈ ದಾರಿಯಲ್ಲಿ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾ ಗಾಡಿ ನಮ್ಮವರಿಗೆಲ್ಲ ಪರಿಚಿತವೇ. ಅದು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ವಡಾಲದವರು ಹಾರ್ಬರ್ ಮಾರ್ಗದಲ್ಲಿ ತಿಲಕನಗರದಲ್ಲಿಳಿದು ನಡೆದೇ ಹೋಗಬಹುದು. ಆದರೆ ಆ ಗಾಡಿಯಲ್ಲಿ ಕಾರವಾರದ ಸೀಮೆ ಕತ್ತಲೆಯಲ್ಲಿ ಕಳೆದುಹೋಗುತ್ತದೆ. ಆದುದರಿಂದ ನಾವು ರಾತ್ರಿ ಹೊರಡುವ ಗಾಡಿಯನ್ನು ಆರಿಸಿದೆವು. ಬೆಳಗಾಗುವಾಗ ಗೋವೆ; ಮುಂದೆ ಕಾಳಿ ನದಿ; ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ, ಆ ಮಾರ್ಗದಲ್ಲೇ ಅತಿ ದೊಡ್ಡ ಸೇತುವೆ. ಸ್ಟೇಷನ್ನುಗಳ ಹೆಸರುಗಳೂ ಕನ್ನಡದಲ್ಲಿ ಬರತೊಡಗುತ್ತವೆ. ಒಂದೊಂದನ್ನೂ ಗಟ್ಟಿಯಾಗಿ ಓದುವ ಕೆಲಸವನ್ನು ಮಗನಿಗೆ ವಹಿಸಿದ್ದೇವೆ.

ಟಿಕೇಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮುಂಚೆ 120 ದಿನಗಳ ಮೊದಲೇ ಕಾದಿರಿಸಬಹುದಾಗಿತ್ತು. 2024ರ ನವೆಂಬರ್ 1ರಿಂದ ಆ ಅವಧಿ 60 ದಿನಗಳಿಗಿಳಿದಿದೆ. ಡಿಸೆಂಬರ್ 24ರ ಗಾಡಿಗೆ ಅಕ್ಟೋಬರ್ 25ರ ಬೆಳಿಗ್ಗೆ 8 ಗಂಟೆಗೆ ಕಿಟಕಿ ತೆರೆಯಿತು. ಏಳೂಮುಕ್ಕಾಲಕ್ಕೇ ಮಗಳು ಒಂದು ಫೋನು, ಮಗ ಇನ್ನೊಂದು ಫೋನು ಹಿಡಿದು ಕುಳಿತರು. ಪ್ರಯಾಣಿಕರ ಹೆಸರು, ವಯಸ್ಸುಗಳನ್ನು ಹಿಂದಿನ ರಾತ್ರಿಯೇ ತುಂಬಿಟ್ಟಿದ್ದರು. ಅಮ್ಮನಿಗೆ ಕೆಳಗಿನ ಬರ್ತು ಸಿಕ್ಕಿತು. ಹಬ್ಬದ ದಿನಗಳಲ್ಲಿ ಈ ಗಾಡಿಗಳು ನಿಮಿಷಗಳಲ್ಲಿ ತುಂಬುವುದರಿಂದ ವಾಚಕರು ದಿನವನ್ನು ಸರಿಯಾಗಿ ಎಣಿಸಿಟ್ಟುಕೊಳ್ಳಬೇಕು. ಹೋಗುವ ಟಿಕೇಟಿನಷ್ಟೇ ಬರುವ ಟಿಕೇಟಿನ ಚಿಂತೆಯನ್ನೂ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ವಿಷಯ. ನಮ್ಮ ಅರಬ್ಬಿ ಸಮುದ್ರ ಚಿತ್ರದಲ್ಲಿ ಕಾಣುವ ಮೆಡಿಟರೇನಿಯನ್ ಅಲ್ಲ. ದಡದಿಂದ ಒಳಕ್ಕೆ ಸೆಳೆಯುವ ಪ್ರವಾಹಗಳು ಇಲ್ಲಿವೆ. ಮೇಲೆ ನೋಡಿದರೆ ಅಲೆ ಕಡಿಮೆಯಾದಂತೆ ಕಾಣುವ ಜಾಗವೇ ಎಷ್ಟೋ ಸಲ ಸೆಳೆತದ ಜಾಗವಾಗಿರುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಆ ಸುದ್ದಿಯನ್ನು ನಾವು ಮಕ್ಕಳಿಗೆ ಮುಚ್ಚಿಡದೆ ಓದಿ ಹೇಳಿದೆವು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ ಪಾರಾಗಬೇಕೆಂದು ಬಲ್ಲವರು ಹೇಳುತ್ತಾರೆ. ಈಜುಕೊಳದಲ್ಲಿ ಕಲಿತ ಈಜು ಕಡಲಿನಲ್ಲಿ ಸಾಲದು. ನಮ್ಮ ಮನೆಯಲ್ಲಿ ನಿಯಮ ಹೀಗಿದೆ: ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗಿಳಿಯುವುದು, ಸೊಂಟಕ್ಕಿಂತ ಮೇಲೆ ನೀರು ಬೇಡ, ಅಳಿವೆಯ ಬಳಿ ಬೇಡವೇ ಬೇಡ, ಕತ್ತಲಾದ ಮೇಲೆ ಯಾರೂ ಇಳಿಯಬಾರದು, ಬೆಸ್ತರು ಬೇಡವೆಂದರೆ ಮರುಮಾತಿಲ್ಲದೆ ಹಿಂದಿರುಗುವುದು.

ದಿನಚರಿಯನ್ನೂ ಬಹಳ ತುಂಬಿಲ್ಲ. ಒಂದು ದಿನ ಮಲ್ಪೆ ಮತ್ತು ದ್ವೀಪ, ಮಕ್ಕಳಿಗಾಗಿ. ಒಂದು ದಿನ ಮರವಂತೆ, ಸಂಜೆಯ ಹೊತ್ತು. ಉಳಿದ ಎರಡು ದಿನ ಏನೂ ಇಲ್ಲ. ಈ "ಏನೂ ಇಲ್ಲ" ಎಂಬುದನ್ನು ಪಟ್ಟಿಯಲ್ಲಿ ಬರೆದಿಡಲು ಮಗಳು ಹಟ ಹಿಡಿಯಬೇಕಾಯಿತು. ಇಲ್ಲದಿದ್ದರೆ ನಮ್ಮ ಜನ ಆ ಎರಡು ದಿನಗಳನ್ನು ಕೊಲ್ಲೂರಿಗೊಂದು, ಉಡುಪಿಗೊಂದು ಹಂಚಿಬಿಡುತ್ತಾರೆ ಎಂಬುದು ಅವಳ ವಾದ. ಕೊಲ್ಲೂರಿನ ತಾಯಿ ಮುಂದಿನ ಸಲಕ್ಕೆ ಕ್ಷಮಿಸಿಯಾಳು ಎಂದು ಅಮ್ಮನೂ ಒಪ್ಪಿದರು.

ಕಳೆದ ವಾರ ಅತ್ತಿಗೆಯ ಫೋನು ಬಂದಿತ್ತು. ಕೋಡಿಗೆ ಬರುವಾಗ ಒಂದು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಕೋಡುಬಳೆ ಮಾಡಿ ತರಲೇ ಎಂದು ಕೇಳುತ್ತಿದ್ದರು. ಬೇಡವೆಂದರೆ ಅವರ ಮನಸ್ಸಿಗೆ ಬೇಸರ. ಬೇಕೆಂದರೆ ಮತ್ತೆ ಒಲೆಯ ಮುಂದೆ ಕೂರಿಸಿದಂತೆ. ಚಕ್ಕುಲಿಯನ್ನು ವಡಾಲದಿಂದ ನಾವೇ ತರುತ್ತೇವೆ, ರುಚಿ ನೋಡಿ ತಪ್ಪು ಹೇಳುವ ಕೆಲಸ ನಿಮ್ಮದು ಎಂದು ಮಗಳು ಹೇಳಿದಳು. ಅತ್ತಿಗೆ ನಕ್ಕರು. ಅಣ್ಣಯ್ಯ ಇನ್ನೂ ಪೂರ್ತಿ ಒಪ್ಪಿದಂತಿಲ್ಲ. ಬರುತ್ತೇನೆ ಎಂದಿದ್ದಾರೆ, ರಾತ್ರಿ ಮನೆಗೆ ಹಿಂದಿರುಗುವ ಮಾತನ್ನೂ ಆಡಿದ್ದಾರೆ. ಅವರ ಹೆಸರಿನ ಹಾಸಿಗೆಯನ್ನು ನಾವು ತೆಗೆಸಿಲ್ಲ.

ಇನ್ನು ಬಟ್ಟೆಬರೆ, ಔಷಧಿ, ಬಿಸಿಲಿಗೆ ಟೊಪ್ಪಿ, ಅಮ್ಮನಿಗೆ ಮರಳಿನಲ್ಲಿ ಕೂರಲು ಒಂದು ಮಡಚುವ ಕುರ್ಚಿ, ಇಷ್ಟು ಕಟ್ಟುವುದು ಉಳಿದಿದೆ. ಕುರ್ಚಿ ಒಂದೇ ಏಕೆ, ಎರಡು ತೆಗೆದುಕೊಳ್ಳಿ, ಇನ್ನೊಂದು ಅವಳಿಗೆ ಎಂದು ಅಮ್ಮ ಹೇಳಿದ್ದರಿಂದ ಈ ಭಾನುವಾರ ಮತ್ತೊಮ್ಮೆ ದಾದರಿನ ಪೇಟೆಗೆ ಹೋಗಬೇಕಾಗಿದೆ.